ವೈಟ್‌ಫೀಲ್ಡ್ ಇನ್ನು ಹತ್ತು ಕಿಲೋಮೀಟರ್ ಇರುವಾಗ

ಮಾದನಾಯಕನಹಳ್ಳಿಯ ನನ್ನ ಶೆಡ್ಡಿನಿಂದ ವೈಟ್‌ಫೀಲ್ಡಿಗೆ ನಲವತ್ತು ಕಿಲೋಮೀಟರಿನ ಮೇಲಾಗುತ್ತದೆ. ಬಿಸಿಲೇರುವ ಮೊದಲೇ ಹೊರಟೆವು. ಇಬ್ಬರೇ ಕೂರುವ, ತಲೆಯ ಮೇಲೆ ಚಾವಣಿಯಿಲ್ಲದ, ಇಂಗ್ಲೆಂಡಿನಲ್ಲಿ ತಯಾರಾದ ಅರವತ್ತು ವರ್ಷದ ಸ್ಪೋರ್ಟ್ಸ್ ಕಾರು ಅದು. ಸ್ಟೀರಿಂಗ್ ನನ್ನ ಕೈಯಲ್ಲಿತ್ತು. ಪಕ್ಕದಲ್ಲಿ ನಮ್ಮ ಶೆಡ್ಡಿನಲ್ಲಿ ಲೋಹ ಕಡೆಯುವ ಲೇತ್ ಕೆಲಸಗಾರ ಭೀಮಣ್ಣ. ಹತ್ತುವಾಗ ಅವನು ಚಪ್ಪಲಿ ಬಿಟ್ಟು ಕಾಲ ಕೆಳಗೆ ಇಟ್ಟುಕೊಂಡ. ಮರ್ಯಾದೆಗೆ ಹಾಗೆ ಮಾಡಿದ ಎಂದುಕೊಂಡೆ.

ಕಾರು ವೈಟ್‌ಫೀಲ್ಡಿನ ಸರೋಜಾ ಮೇಡಂ ಅವರದು. ಎಪ್ಪತ್ತು ದಾಟಿದರೂ ತಾವೇ ಓಡಿಸುವವರು. ಹಳೆಯ ಎಂಜಿನ್ ಬಿರುಕುಬಿಟ್ಟಿತ್ತು, ಬಿಡಿಭಾಗ ಎಲ್ಲೂ ಸಿಗಲಿಲ್ಲ. ಅಪಘಾತವಾದ ಹೊಸ ಕಾರೊಂದರ ಎಂಜಿನ್ ತಂದು ಕೂರಿಸುವುದೆಂದಾಯಿತು. ಆರ್‌ಟಿಒ ಒಪ್ಪಿಗೆ ಅವರೇ ತಂದುಕೊಟ್ಟರು. ಕೇಳಿದ್ದು ಒಂದೇ ಮಾತು. ಗೇರ್‌ಬಾಕ್ಸ್ ಮಾತ್ರ ಹಳೆಯದೇ ಇರಲಿ, ನನ್ನ ಕೈಗೆ ಅದು ಗೊತ್ತು ಎಂದಿದ್ದರು.

ಹೊಸ ಎಂಜಿನ್ನಿನ ಬೋಲ್ಟುಗಳಿಗೂ ಹಳೆಯ ಗೇರ್‌ಬಾಕ್ಸಿನ ತೂತುಗಳಿಗೂ ಹೊಂದಿಕೆಯಾಗುವುದಿಲ್ಲ. ನಡುವೆ ಬೆರಳು ದಪ್ಪದ ಅಲ್ಯೂಮಿನಿಯಂ ತಟ್ಟೆಯೊಂದನ್ನು ಕಡೆದು ಕೂರಿಸಬೇಕು. ಎರಡರ ನಡುಬಿಂದು ಕೂದಲೆಳೆಯಷ್ಟೂ ಸರಿಯುವ ಹಾಗಿಲ್ಲ; ಲೇತಿನಲ್ಲಿ ಅಳತೆ ಡಯಲಿನ ಸಣ್ಣ ಮುಳ್ಳನ್ನು ನೋಡುತ್ತಾ ಕಡೆಯಬೇಕು. ಪೀಣ್ಯದಲ್ಲಿ ಇದನ್ನು ಕಂಪ್ಯೂಟರ್ ಮೆಷಿನ್ನಿನಲ್ಲಿ ಕಡೆಯುವವರು ಬೀದಿಗೊಬ್ಬರಿದ್ದಾರೆ. ನಾನು ಭೀಮಣ್ಣನಿಗೇ ಕೊಟ್ಟೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಇಷ್ಟು ದೊಡ್ಡ ಶೆಡ್ ಕಟ್ಟಿದ್ದು ಕೈಕೆಲಸದಿಂದ. ನನ್ನ ಶೆಡ್ಡಿನ ಕೆಲಸ ಹೊರಗೆ ಹೋಗುವುದು ನನಗೆ ಸೇರದು. ಅದೇ ಅವನ ಕೊನೆಯ ಕೆಲಸವೂ ಆಗಿತ್ತು. ಕಾರು ಮುಟ್ಟಿಸಿ, ಅದೇ ದಿನ ರಾತ್ರಿಯ ಬಸ್ಸಿಗೆ ಲಿಂಗಸೂಗೂರಿಗೆ, ಮಗಳ ಮನೆಗೆ, ಖಾಯಮ್ಮಾಗಿ ಹೊರಟಿದ್ದ. ತಾನು ಭಾಗ ಕಡೆದುಕೊಟ್ಟ ಯಾವ ಗಾಡಿಯಲ್ಲೂ ಅವನು ಕೂತವನಲ್ಲ. ಇದರಲ್ಲಾದರೂ ಕೂರಲಿ ಎಂದು ಕರೆದುಕೊಂಡು ಬಂದಿದ್ದೆ.

ದಾಸರಹಳ್ಳಿಯಲ್ಲಿ ತನ್ನ ಬಾಡಿಗೆ ಕೋಣೆಯಿರುವ ಓಣಿ ಬಂದಾಗ ಭೀಮಣ್ಣ ನೆಟ್ಟಗೆ ಕೂತ. ಗುರುತಿನವರು ಯಾರೂ ಕಾಣಲಿಲ್ಲ. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಬೈಕಿನ ಹುಡುಗನೊಬ್ಬ ಬಗ್ಗಿ, ಅಣ್ಣ, ಮೈಲೇಜ್ ಎಷ್ಟು ಕೊಡುತ್ತೆ ಎಂದು ಕೇಳಿದ.

“ದಬ್ಬಿದ್ರ ಭಾಳ ಕೊಡತೈತಿ,” ಎಂದ ಭೀಮಣ್ಣ.

ಹೆಬ್ಬಾಳದ ಮೇಲ್ಸೇತುವೆ ಇಳಿದು ರಿಂಗ್ ರೋಡಿಗೆ ಬಂದಾಗ ದಾರಿ ಸ್ವಲ್ಪ ಬಿಡುವಾಯಿತು. ಅರವತ್ತಕ್ಕೆ ಏರಿಸಿದೆ. ಎಂಜಿನ್ ಎಷ್ಟು ಮೆತ್ತಗಿತ್ತೆಂದರೆ ಗಾಳಿಯ ಸದ್ದೇ ಹೆಚ್ಚಾಗಿತ್ತು. ಆಮೇಲೆ ಭೀಮಣ್ಣನ ಕಡೆ ನೋಡಿದೆ. ಬರಿಗಾಲನ್ನು ಕಾರಿನ ತಳಕ್ಕೆ ಒತ್ತಿ, ಕಣ್ಣು ಮುಚ್ಚಿ ಕೂತಿದ್ದ. ನಾಗವಾರ ದಾಟಿದ ಮೇಲೆ ಕೈ ಚಾಚಿ ಗೇರಿನ ಹಿಡಿಯ ಮೇಲೆ ಅಂಗೈ ಇಟ್ಟ. ಕೆ.ಆರ್. ಪುರದ ತೂಗುಸೇತುವೆಯ ಟ್ರಾಫಿಕ್‌ನಲ್ಲಿ ತೆವಳುವಾಗಲೂ ತೆಗೆಯಲಿಲ್ಲ.

ದೊಡ್ಡನೆಕ್ಕುಂದಿಯಲ್ಲಿ ಟೀ ಕುಡಿಯೋಣ ಎಂದ. ಕಾರ್ಖಾನೆಗಳ ಸಾಲಿಗೆ ಎದುರಾಗಿದ್ದ ಸಣ್ಣ ಅಂಗಡಿ. ಟೀ ಹದಿನೈದು ರೂಪಾಯಿ, ಇಡ್ಲಿ ಮುಗಿದಿತ್ತು. ಎಂಜಿನ್ ಆರಿಸಬೇಡಿ ಎಂದು ಹೇಳಿ, ತನ್ನ ಗಾಜಿನ ಲೋಟವನ್ನು ಗೇರಿನ ಬುಡದ ಚಪ್ಪಟೆ ಜಾಗದಲ್ಲಿ ಇಟ್ಟ. ಸ್ವಲ್ಪ ಎಕ್ಸಲರೇಟರ್ ಕೊಡಲು ಹೇಳಿದ. ಟೀಯ ಮೇಲೆ ಸಣ್ಣ ಉಂಗುರಗಳು ಎದ್ದವು. ಕ್ಲಚ್ ಒತ್ತಿಸಿದ. ಉಂಗುರ ನಿಂತವು. ಬಿಡಿಸಿದ. ಮತ್ತೆ ಎದ್ದವು.

ಅದರ ಅರ್ಥ ಇಬ್ಬರಿಗೂ ಗೊತ್ತು. ಕ್ಲಚ್ ಒತ್ತಿ ಎಂಜಿನ್ನನ್ನು ಗೇರ್‌ಬಾಕ್ಸಿನಿಂದ ಬಿಡಿಸಿದ ಕೂಡಲೇ ನಡುಕ ನಿಲ್ಲುವುದಾದರೆ ದೋಷ ಎಂಜಿನ್ನಿನಲ್ಲಿ ಇಲ್ಲ, ನಡುವಿನ ತಟ್ಟೆಯಲ್ಲಿದೆ.

“ಇಷ್ಟು ಯಾರಿಗೂ ಗೊತ್ತಾಗಲ್ಲ ಬಿಡು ಭೀಮಣ್ಣ,” ಎಂದೆ. “ಒಂದು ವರ್ಷ ಆರಾಮಾಗಿ ಓಡುತ್ತೆ.”

“ಆಮ್ಯಾಲ ಬೇರಿಂಗ್ ತಿಂತೈತಿ. ಗೇರ್‌ಬಾಕ್ಸ್ ಹೋತಂದ್ರ ಆ ಅಮ್ಮಾರು ಎಲ್ಲಿ ಹುಡಕಬೇಕ್ರಿ?”

ಇವತ್ತೇ ತರುತ್ತೇನೆಂದು ಮಾತು ಕೊಟ್ಟಿದ್ದೇನೆ, ವೈಟ್‌ಫೀಲ್ಡ್ ಇನ್ನು ಹತ್ತೇ ಕಿಲೋಮೀಟರ್, ನಿನ್ನ ಬಸ್ಸು ಬೇರೆ ರಾತ್ರಿಗಿದೆ ಎಂದೆ. ಅವನು ಲೋಟ ಎತ್ತಿಕೊಂಡು ಟೀ ಪೂರ್ತಿ ಕುಡಿದ. ಆಮೇಲೆ, ಗಾಡಿಯನ್ನು ನೋಡುತ್ತಲೇ ಹೇಳಿದ:

“ಡಯಲಿನ ಮುಳ್ಳು ನನಗ ಕಾಣವಲ್ದು, ಮಾಲಕ್ರ. ಬ್ಯಾಸಿಗಿಯಿಂದ ಹಂಗ. ಕೈಯಾಗ ಸವರಿ ನೋಡೀನಿ, ಸರಿ ಅನಿಸ್ತು. ಸರಿ ಇದ್ದಿಲ್ಲ. ಗಾಡಿ ತಿರಗಸ್ರಿ.”

ಮೇಡಂಗೆ ಫೋನ್ ಮಾಡಿದೆ. ಅಡುಗೆ ಮಾಡಿಟ್ಟು ಗೇಟಿನ ಬಳಿಯೇ ಕೂತಿದ್ದಾರಂತೆ. ನಡುವಿನ ಭಾಗ ಸರಿಯಿಲ್ಲ, ವಾಪಸ್ ಹೋಗುತ್ತಿದ್ದೇವೆ ಎಂದೆ. ಎಂಜಿನ್ ಓಡುತ್ತಿದ್ದರೆ ಫೋನ್ ಹತ್ತಿರ ಹಿಡಿಯಿರಿ ಎಂದರು. ಹಿಡಿದೆ.

“ನನ್ನ ಗಾಡಿ ಸದ್ದಲ್ಲ ಇದು,” ಎಂದರು. ಆಮೇಲೆ, “ಇರಲಿ. ಗೇರ್ ಉಳಿಸಿಕೊಡಿ,” ಎಂದು ಫೋನ್ ಇಟ್ಟರು.

ವಾಪಸ್ ಬರುವಾಗ ನಲವತ್ತರ ಮೇಲೆ ಏರಿಸಲಿಲ್ಲ. ಹಿಂದಿನವರೆಲ್ಲ ಹಾರನ್ ಹೊಡೆದುಕೊಂಡು ದಾಟಿ ಹೋದರು. ನಾಗವಾರದ ಹತ್ತಿರ ಬಿಸಿಲು ನೆತ್ತಿಗೆ ಬಡಿಯತೊಡಗಿ, ಭೀಮಣ್ಣ ಟವೆಲ್ಲನ್ನು ತಲೆಗೆ ಸುತ್ತಿಕೊಂಡ. ಅವನ ಕಣ್ಣಿನ ಬಗ್ಗೆ ನಾನೇ ಕೇಳಬಹುದಿತ್ತು. ಒಂದೇ ಶೆಡ್ಡಿನಲ್ಲಿ ಅಷ್ಟು ವರ್ಷ ಇದ್ದವರು ನಾವು. ಕೇಳಿದರೆ ಅವಮಾನವಾದೀತೆಂದು ನಾನು, ಹೇಳಿದರೆ ಕೆಲಸ ಹೋದೀತೆಂದು ಅವನು, ಹಾಗೇ ದಿನ ತಳ್ಳಿದ್ದೆವು.

ದಾಸರಹಳ್ಳಿಯ ಓಣಿಯ ಬಾಯಲ್ಲಿ ಗಾಡಿ ನಿಲ್ಲಿಸಿದೆ. ಇಳಿದು ಗಂಟುಮೂಟೆ ಕಟ್ಟಿಕೊಳ್ಳಲಿ, ತಟ್ಟೆಯನ್ನು ಹೊರಗೆ ಕೊಟ್ಟು ಮಾಡಿಸಿದರಾಯಿತು ಎಂದು ಮನಸ್ಸಿನಲ್ಲೇ ಒಪ್ಪಿಕೊಂಡಿದ್ದೆ. ಅವನು ಕದಲಲಿಲ್ಲ. ಮೆಟ್ರೋ ಕಂಬಗಳ ನೆರಳು ನಮ್ಮಿಬ್ಬರ ಮೇಲೂ ಬಿದ್ದಿತ್ತು.

“ಬಸ್ಸು?” ಎಂದೆ.

“ನಾಳಿನೂ ಐತಿ. ನಡೀರಿ ಮುಂದ.”

ಶೆಡ್ ಮುಟ್ಟಿ, ಗೇರ್‌ಬಾಕ್ಸ್ ಇಳಿಸಿ, ಹಳೆಯ ತಟ್ಟೆ ಬಿಚ್ಚುವಷ್ಟರಲ್ಲಿ ಸಂಜೆಯಾಯಿತು. ಮಿಕ್ಕಿದ್ದ ಅಲ್ಯೂಮಿನಿಯಂ ತುಂಡನ್ನು ಭೀಮಣ್ಣ ಲೇತಿಗೆ ಕಚ್ಚಿಸಿ ಡಯಲ್ ಹತ್ತಿರಕ್ಕೆ ತಂದ. ಬಾಗಿಲಾಚೆ ಗಾಡಿ ಮೂತಿ ತೆರೆದುಕೊಂಡು ನಿಂತಿತ್ತು. ಅವನು ಲೇತಿನ ಚಕ್ರದ ಮೇಲೆ ಕೈ ಇಟ್ಟು, ನನ್ನ ಕಡೆ ತಿರುಗದೆ ಹೇಳಿದ:

“ಮುಳ್ಳು ನೀವು ನೋಡಿ ಹೇಳ್ರಿ. ಕೈ ನಾ ಆಡಸ್ತೀನಿ.”

ನಾನು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಡಯಲಿನ ಮೇಲೆ ಬಗ್ಗಿದೆ.