ತಾತ-ಅಜ್ಜಿಯ ಬಾಳೆಹಣ್ಣು, ಮಕ್ಕಳ ಬಾಳೆಕಾಯಿ

ಥಾಯ್ಲೆಂಡಿನ ಚಂತಬುರಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೃಷಿ ಕಾಲೇಜಿನ ಹಿಂಭಾಗದ ದಾಸ್ತಾನು ಕೋಣೆಯ ಬಾಗಿಲು ತೆರೆದು ಲಮುನ್ ಹೊಸ್ತಿಲಲ್ಲೇ ನಿಂತಿದ್ದಾರೆ. ದೀಪ ಹಾಕುವ ಮೊದಲು ವಾಸನೆ ನೋಡುತ್ತಾರೆ. ಹಸಿ ಕಾಯಿಯ ಒಗರು ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಆಮೇಲೆ ದೀಪ ಹಾಕಿ, ಕೊಕ್ಕೆಗೆ ತೂಗುಬಿಟ್ಟ ಬಾಳೆಗೊನೆಯ ಚಿಪ್ಪುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಾರೆ. ಎಲ್ಲವೂ ಹಸಿರು, ಎಲ್ಲವೂ ಗಟ್ಟಿ. "ಸದ್ಯ, ಬದುಕ್ದೆ!" ಎಂದು ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಾರೆ.

ಇವತ್ತು ಆಹಾರ ವಿಜ್ಞಾನದ ಮೊದಲ ವರ್ಷದ ಮಕ್ಕಳಿಗೆ ಸಸ್ಯಶಾಸ್ತ್ರದ ಕೊನೆಯ ಪ್ರಯೋಗ. ಹೋದ ವಾರವೇ ಮುಗಿಯಬೇಕಿತ್ತು, ಕೆಟ್ಟುಹೋಯಿತು. ಇವತ್ತೂ ಕೆಟ್ಟರೆ ಮತ್ತೊಮ್ಮೆ ಮಾಡಲು ದಿನವಿಲ್ಲ. ಇಡೀ ತರಗತಿಯ ಫಲಿತಾಂಶ ನಿಂತುಹೋಗುತ್ತದೆ. ಕೆಡಿಸಿದ್ದು ಯಾರು ಎಂದು ಕೇಳಿದರೆ ಲಮುನ್ ಮುಚ್ಚುಮರೆ ಮಾಡುವುದಿಲ್ಲ.

"ಇನ್ಯಾರು, ನಾನೇ. ಅದೂ ಭಕ್ತಿಯಿಂದ!"

ಲಮುನ್ ಈ ಊರಿಗೆ ಬಂದದ್ದು ಗಂಡನ ಜೊತೆ, ಡೂರಿಯನ್ ಹಣ್ಣಿನ ಕೊಯ್ಲಿನ ಕೂಲಿಗೆ. ಗಂಡ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಸಂಸಾರದ ಭಾರವೆಲ್ಲ ಇವರ ತಲೆಗೆ ಬಂತು. ಕಳೆ ಕೀಳಲೆಂದು ಕಾಲೇಜಿಗೆ ಸೇರಿದವರು ನಿಧಾನವಾಗಿ ತೋಟದಿಂದ ಪ್ರಯೋಗಶಾಲೆಯ ಹಿಂಬಾಗಿಲಿಗೆ ಬಂದರು. ಈಗ ಕಷ್ಟದ ದಿನಗಳ ಮಾತೆತ್ತಿದರೆ ಕೈಬೀಸಿ ತಳ್ಳಿಹಾಕುತ್ತಾರೆ. "ನಮ್ಮ ಯಜಮಾನ್ರು ಮನೇಲಿ ಕೂತು ಬಾಳೆಹಣ್ಣು ಕರಿದು ಮಾರ್ತಾರೆ. ಮಾರೋದಕ್ಕಿಂತ ತಿನ್ನೋದೇ ಜಾಸ್ತಿ. ಚೆನ್ನಾಗಿದೀವಿ."

ತರಗತಿಯಲ್ಲಿ ಮೇಜಿನ ಮೇಲೆ ಎಲ್ಲವೂ ತಾನಾಗಿಯೇ ಬಂದು ಕೂತಂತೆ ಕಾಣುತ್ತದೆ. ಬೇರು ನೀರನ್ನು ಮೇಲಕ್ಕೆಳೆಯುವುದನ್ನು ತೋರಿಸಲು ಕೆಂಪು ಬಣ್ಣದ ನೀರಿನಲ್ಲಿ ಬುಡಸಮೇತ ನಿಲ್ಲಿಸಿದ ಎಳೆಯ ಗಿಡ, ಬೀಜವೂ ಉಸಿರಾಡುತ್ತದೆ ಎಂಬುದಕ್ಕೆ ಮೊಳಕೆ ಕಟ್ಟಿದ ಹೆಸರುಕಾಳು, ಎಲೆಯ ಹಸಿರು ಬಸಿಯಲು ಅದೇ ಮುಂಜಾವು ಕಿತ್ತ ಸೊಪ್ಪು. ಇವೆಲ್ಲದರ ಹಿಂದೆ ಲಮುನ್ ಇದ್ದಾರೆ ಎಂದು ಯಾರೂ ಹೇಳುವುದಿಲ್ಲ, ಅವರಿಗೂ ಅದರ ಬಗ್ಗೆ ಬೇಸರವಿಲ್ಲ.

ಇನ್ನು ಆ ಭಕ್ತಿಯ ಕಥೆ. ಕಾಲೇಜಿನ ಗೇಟಿನ ಬಳಿ, ಕಂಬದ ಮೇಲೆ, ಈ ಜಾಗ ಕಾಯುವ ದೇವತೆಗಳೆಂದು ನಂಬುವ ತಾತ-ಅಜ್ಜಿಯರ ಪುಟ್ಟ ಗುಡಿಯಿದೆ. ಎರಡು ವಾರದ ಹಿಂದಿನ ಮಳೆಗಾಳಿಗೆ ಅದರ ಸೂರು ಹಾರಿಹೋಯಿತು. ಸೂರಿಲ್ಲದ ಕಡೆ ಎಡೆ ಇಟ್ಟರೆ ಅಳಿಲಿಗೆ ಹಬ್ಬ ಎಂದು ಲಮುನ್ ತಾತ-ಅಜ್ಜಿಯ ಗೊಂಬೆಗಳನ್ನು ದಾಸ್ತಾನು ಕೋಣೆಯ ಗೂಡಿನಲ್ಲಿ ಕೂರಿಸಿದರು. ಮಕ್ಕಳ ಪ್ರಯೋಗ ಚೆನ್ನಾಗಿ ಆಗಲಿ ಎಂದು ಕೈಮುಗಿದು, ಕೆಂಪು ಶರಬತ್ತು ಇಟ್ಟು, ಮಾಗಿದ ಬಾಳೆಹಣ್ಣಿನ ಚಿಪ್ಪುಗಳನ್ನು ಧಾರಾಳವಾಗಿ ಜೋಡಿಸಿದರು. ಅಳಿಲು ಬಾರದಂತೆ ಬಾಗಿಲು, ಕಿಟಕಿ ಭದ್ರವಾಗಿ ಮುಚ್ಚಿದರು. ಮಕ್ಕಳ ಹಸಿರು ಗೊನೆ ಅದೇ ಕೋಣೆಯಲ್ಲಿತ್ತು.

ಕೆಲವು ದಿನ ಬಿಟ್ಟು ಮಕ್ಕಳು ಆ ಕಾಯಿ ಹೆಚ್ಚಿ ಅಯೋಡಿನ್ ಹನಿಸಿದರು. ಮುಚ್ಚಿದ ಕೋಣೆಯ ಸೆಕೆಗೆ ಸಿಪ್ಪೆ ಹಸಿರಾಗಿಯೇ ಉಳಿದಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಪಿಷ್ಟ ತುಂಬಿದ ಕಾಯಿಯಾದರೆ ಕಪ್ಪಾಗಬೇಕು. ಆಗಲೇ ಇಲ್ಲ. ಸೀಸೆ ಹಳೆಯದೆಂದು ಬೇರೆ ಸೀಸೆ ತಂದರು, ಒಬ್ಬರ ಮೇಲೊಬ್ಬರು ಹರಿಹಾಯ್ದರು. ಪಾಠ ಮಾಡುವ ಸುತೀರಾ ಮೇಡಂ ಕೊನೆಗೆ ದಾಸ್ತಾನು ಕೋಣೆಗೇ ನಡೆದರು.

"ದೊಡ್ಡಮ್ಮಾ, ಈ ಹಣ್ಣು ಯಾರದು?"

"ತಾತ-ಅಜ್ಜಿದು ಮೇಡಂ. ಮಕ್ಳ ಪ್ರಯೋಗ ಚೆನ್ನಾಗ್ ಆಗ್ಲಿ ಅಂತ ಬೇಡ್ಕೊಂಡೆ."

ಮೇಡಂ ನಗು ತಡೆಯಲಾರದೆ ಅಲ್ಲೇ ಕುಕ್ಕರಿಸಿಬಿಟ್ಟರಂತೆ. ಮಾಗಿದ ಹಣ್ಣು ಎಥಿಲೀನ್ ಎಂಬ ಅನಿಲ ಬಿಡುತ್ತದೆ, ಅದು ತಾಕಿದರೆ ಪಕ್ಕದ ಕಾಯಿಯೂ ಹಣ್ಣಾಗುತ್ತದೆ, ಒಳಗಿನ ಪಿಷ್ಟ ಸಕ್ಕರೆಯಾಗುತ್ತದೆ ಎಂದು ವಿವರಿಸಿದರು. ಬಾಗಿಲು ಮುಚ್ಚಿ ಲಮುನ್, ಕಾಯಿ ಮಾಗಿಸುವವರಂತೆ, ಇಡೀ ಕೋಣೆಯನ್ನೇ ಅಡೆ ಹಾಕಿದ್ದರು. "ನಮ್ಮಮ್ಮ ಮಡಕೇಲಿ ಅಡೆ ಹಾಕ್ತಿದ್ಲು. ಮಡಕೆ ಅಂದ್ರೆ ಹೊಳೀತಿತ್ತು. ಕೋಣೆ ಅಂತ ಹೊಳೀಲೇ ಇಲ್ಲ!" ಎನ್ನುತ್ತಾರೆ. ಅವತ್ತು ರಾತ್ರಿ ಊಟ ಸೇರಲಿಲ್ಲ ಎಂಬುದನ್ನು ಮಾತ್ರ ದನಿ ತಗ್ಗಿಸಿ ಹೇಳುತ್ತಾರೆ.

ಇವತ್ತು ತರಗತಿ ಶುರುವಾದಾಗ ಲಮುನ್ ಬಾಗಿಲ ಮರೆಯಲ್ಲಿ, ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತಿದ್ದಾರೆ. ಕ್ವಾನ್ ಎಂಬ ಹುಡುಗಿ ಕಾಯಿಯ ಬಿಲ್ಲೆಯ ಮೇಲೆ ಅಯೋಡಿನ್ ಹನಿಸುತ್ತಾಳೆ. ನೋಡನೋಡುತ್ತಲೇ ಬಿಲ್ಲೆ ಕಾಡಿಗೆಯಂತೆ ಕಪ್ಪಾಗುತ್ತದೆ. "ದೊಡ್ಡಮ್ಮಾ, ಬನ್ನಿ, ಕಪ್ಪಾಯ್ತು!" ಎಂದು ಅವಳು ಕೂಗುತ್ತಾಳೆ. ಲಮುನ್ ಕಣ್ಣು ಒರೆಸಿಕೊಂಡದ್ದು ಆ ಬಟ್ಟೆಯಲ್ಲೇ.

ಪ್ರಯೋಗ ಅಲ್ಲಿಗೆ ಮುಗಿಯುವುದಿಲ್ಲ. ಸುತೀರಾ ಮೇಡಂ ಈ ಸಲ ಹೊಸದೊಂದು ಮುಚ್ಚಳದ ಪೆಟ್ಟಿಗೆ ಇಟ್ಟಿದ್ದಾರೆ. ಅದರಲ್ಲಿ ಹಸಿರು ಕಾಯಿಗಳ ನಡುವೆ ಒಂದು ಮಾಗಿದ ಹಣ್ಣು ಇಡಬೇಕು, ಏನಾಗುತ್ತದೆಂದು ಮಕ್ಕಳು ದಿನವೂ ನೋಡಬೇಕು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 'ಲಮುನ್ ಪೆಟ್ಟಿಗೆ' ಎಂದು ಬರೆದಿದೆ. ಮುಂದಿನ ವರ್ಷಗಳಲ್ಲೂ ಇದೇ ಪಾಠ, ಇದೇ ಹೆಸರು ಎಂದು ಮೇಡಂ ಹೇಳಿದಾಗ ಲಮುನ್ ನಾಚಿಕೊಂಡು, "ಅಯ್ಯೋ, ನಾನು ಮಾಡಿದ್ ಎಡವಟ್ಟಿಗೂ ಬೋರ್ಡಾ?" ಎನ್ನುತ್ತಾರೆ. ಆದರೂ ಬಟ್ಟೆಯಿಂದ ಆ ಹೆಸರಿನ ಮೇಲೆ ಒಮ್ಮೆ ಸವರುತ್ತಾರೆ.

ಹಣ್ಣು ತರಲು ಗೇಟಿನತ್ತ ಹೊರಡುವವರೂ ಅವರೇ. ಗುಡಿಗೆ ಹೊಸ ಸೂರು ಬಂದಿದೆ, ಬಯಲಿನ ಗಾಳಿಯಲ್ಲಿ ಎಡೆಯಿದೆ, ಊದುಬತ್ತಿ ಉರಿದು ಮುಗಿದಿದೆ. ಲಮುನ್ ಕೈಮುಗಿದು, "ತಾತಾ, ಅಜ್ಜೀ, ಒಂದು ಹಣ್ಣು ತಗೋತೀನಿ, ಮಕ್ಳ ಪಾಠಕ್ಕೆ," ಎಂದು ಕೇಳಿ, ಚೆನ್ನಾಗಿ ಮಾಗಿದ್ದನ್ನೇ ಆರಿಸುತ್ತಾರೆ.

"ಇಷ್ಟು ವರ್ಷ ಕೂತ್ಕಂಡು ತಿಂದ್ರಲ್ಲ," ಎಂದು ತಿರುಗಿ ನಗುತ್ತಾರೆ. "ಇನ್ಮೇಲೆ ಅವ್ರೂ ನನ್ ಜೊತೆ ಪಾಠ ಮಾಡ್ಲಿ."