ಟ್ಯಾಂಕಿನ ಮುಚ್ಚಳದ ಮೇಲಿದ್ದ ವಿಭೂತಿ

ಮಾದಪ್ಪನ ಒಕ್ಕಲಿನವರೆಲ್ಲರಿಗೂ ತಮಿಳುನಾಡಿನ ಪೆನ್ನಾಗರದಿಂದ ಶರಣು. ನನ್ನ ಹೆಂಡತಿ ಗೌರಮ್ಮನ ಬಲಗಣ್ಣು ಉಳಿದ ಬಗೆಯನ್ನು ನಿಮಗೆ ತಿಳಿಸುತ್ತೇನೆಂದು ಆಸ್ಪತ್ರೆಯ ಬೆಂಚಿನ ಮೇಲೆ ಹರಕೆ ಹೊತ್ತಿದ್ದೆ. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಅದು 1996. ಅವಳ ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿಗೆ ಪೊರೆ ಬಂದಿತ್ತು, ಒಳಗಿನ ಒತ್ತಡವೂ ಏರುತ್ತಿತ್ತು. ಸೇಲಂನ ಕಣ್ಣಾಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತಾಯಿತು. ಬಸ್ಸಿನಲ್ಲಿ ಹೊರಟೆವು. ಬಸ್ಸಾಗಲಿ ಕಾರಾಗಲಿ, ಮುಚ್ಚಿದ ಗಾಡಿ ಅವಳಿಗೆ ಚಿಕ್ಕಂದಿನಿಂದಲೂ ಆಗದು. ತೊಪ್ಪೂರು ಘಾಟಿನಲ್ಲಿ ಶುರುವಾದ ವಾಂತಿ ಸೇಲಂ ಬಸ್ ಸ್ಟ್ಯಾಂಡಿನ ತನಕ ನಿಲ್ಲಲಿಲ್ಲ. ಪರೀಕ್ಷೆ ಮಾಡಿದಾಗ ಕಣ್ಣಿನ ಒತ್ತಡ ಮಿತಿ ಮೀರಿತ್ತು. ಡಾಕ್ಟರಮ್ಮ ಆಪರೇಷನ್ ಮಾಡದೆ ವಾಪಸು ಕಳಿಸಿದರು.

“ಇನಿಮೇಲ್ ಲೇಟ್ ಪಣ್ಣಾದೀಂಗ ಅಯ್ಯಾ” ಎಂದರು. ಇನ್ನು ತಡ ಮಾಡಬೇಡಿ ಎಂದು. ಕಾರ್ತಿಕದ ಎರಡನೇ ಗುರುವಾರ ಬೆಳಿಗ್ಗೆ ಹತ್ತಕ್ಕೆ, ವಾಂತಿ ಇಲ್ಲದೆ ಕರೆತರಬೇಕು. ಆ ದಿನವೂ ತಪ್ಪಿದರೆ ಈ ಕಣ್ಣಿಗೂ ಭರವಸೆ ಕೊಡಲಾರೆ ಎಂದರು.

ಗಾಳಿಗೆ ಕೂತರೆ ಮಾತ್ರ ಅವಳಿಗೆ ಏನೂ ಆಗುವುದಿಲ್ಲ. ನನ್ನ ಬುಲೆಟ್ಟಿನ ಹಿಂದೆ ಕೂತು ಮಾದಪ್ಪನ ಬೆಟ್ಟ, ಪಳನಿ, ಮೈಸೂರು ಎಲ್ಲ ನೋಡಿದವಳು. ಹಾಗಾಗಿ ಎಲ್ಲವೂ ಆ ಬುಲೆಟ್ಟಿನ ಮೇಲೆ ನಿಂತಿತು.

ನಾನು ಇಪ್ಪತ್ತೆರಡು ವರ್ಷ ಸೇನೆಯಲ್ಲಿ ಗಾಡಿಗಳ ಕೆಲಸ ಮಾಡಿದವನು. ಅಲ್ಲಿ ದಿನಾ ಬೆಳಿಗ್ಗೆ ಗಾಡಿ ಹೊರಡಿಸುವ ಮೊದಲು ಎಣ್ಣೆ, ಟೈರು, ಬ್ರೇಕು ನೋಡುವುದಕ್ಕೆ ಫಸ್ಟ್ ಪೆರೇಡ್ ಎನ್ನುತ್ತಾರೆ. ಊರಿಗೆ ಬಂದ ಮೇಲೂ ಬಿಟ್ಟಿಲ್ಲ. ಭಾನುವಾರ ಆರಕ್ಕೆ ಜಗಲಿಯ ಮುಂದೆ ಗೋಣಿಚೀಲ ಹಾಸಿ ಕೂರುತ್ತೇನೆ. ಇಂಜಿನ್ ತಣ್ಣಗಿರುವಾಗಲೇ ಟ್ಯಾಪೆಟ್ ಸರಿಮಾಡಬೇಕು; ಪುಶ್ ರಾಡ್ ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಆಮೇಲೆ ಚೈನು, ಪ್ಲಗ್ಗು, ಪಾಯಿಂಟು. ಕೊನೆಗೆ ಕಾರ್ಬುರೇಟರಿನ ಸ್ಕ್ರೂ ಕಾಲು ಸುತ್ತು ಅತ್ತ, ಕಾಲು ಸುತ್ತು ಇತ್ತ ತಿರುಗಿಸಿ, ನಿಂತಲ್ಲೇ ಓಡುವ ಸದ್ದು ಒಂದೇ ಸಮ ಬರುವ ತನಕ ಕಿವಿಗೊಡಬೇಕು.

ಇಷ್ಟು ಮಾಡಿದ ಗಾಡಿ ಆ ವರ್ಷ ಆಯುಧಪೂಜೆ ಕಳೆದ ವಾರವೇ ಕೈಕೊಟ್ಟಿತು. ಮನೆ ಮುಂದೆ ಎಷ್ಟು ಹೊತ್ತು ಬೇಕಾದರೂ ಓಡುತ್ತದೆ. ರೋಡಿಗಿಳಿದು ಹತ್ತು ಹನ್ನೆರಡು ಮೈಲಿ ಹೋದರೆ ಉಸಿರು ಕಟ್ಟಿದಂತಾಗಿ ನಿಲ್ಲುತ್ತದೆ. ಕಾಲು ಗಂಟೆ ಬಿಟ್ಟು ಕಿಕ್ಕರ್ ಒದ್ದರೆ ಮತ್ತೆ ಹೊರಡುತ್ತದೆ. ಕಾರ್ಬುರೇಟರ್ ಮೂರು ಸಲ ಬಿಚ್ಚಿದೆ. ಪೆಟ್ರೋಲ್ ಪೈಪು, ಪ್ಲಗ್ಗು, ಕಾಯಿಲು ಬದಲಿಸಿದೆ. ಪಕ್ಕದ ಮನೆ ಮುನಿಯಪ್ಪ ದಿನವೂ ಬಂದು ನೋಡುತ್ತಿದ್ದ.

“ಮಾವ, ಇದ್ನ ಕೊಟ್ಬುಟ್ಟು ಒಂದು ಎಮ್ಮೆ ಕಟ್ಕೊಳ್ಳಿ. ನಿಂತ್ಕೊಂಡ್ರೂ ಹಾಲಾದ್ರೂ ಕೊಡ್ತೈತೆ.”

“ಎಮ್ಮೆ ಮ್ಯಾಲೆ ನಿಮ್ಮತ್ತೇನ ಸೇಲಂಗೆ ಕರ್ಕೊಂಡೋಯ್ತೀಯೇನ್ಲಾ?” ಎಂದೆ. ನಕ್ಕ. ನನಗೆ ನಗು ಬರಲಿಲ್ಲ.

ಗುರುವಾರ ಬಂದೇಬಂತು. ನಡುವೆ ನಿಲ್ಲುವುದಕ್ಕೆ ಒಂದು ಗಂಟೆ ಹೆಚ್ಚು ಸೇರಿಸಿ ಐದಕ್ಕೆ ಹೊರಟೆವು. ಧರ್ಮಪುರಿ ಸೇರುವುದರೊಳಗೆ ಒಮ್ಮೆ ನಿಂತಿತು, ದಾಟಿದ ಮೇಲೆ ಇನ್ನೊಮ್ಮೆ. ಎರಡನೇ ಸಲ ಹೊರಡುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ತೊಪ್ಪೂರು ಘಾಟಿನ ತಿರುವಿನಲ್ಲಿ ಮೂರನೇ ಸಲ ನಿಂತಾಗ ಗಡಿಯಾರದಲ್ಲಿ ಎಂಟೂವರೆ. ಲಾರಿಗಳು ಮೈಗೆ ತಾಗುವಂತೆ ಇಳಿಯುತ್ತಿದ್ದವು. ಕಿಕ್ಕರ್ ಒದ್ದೆ, ಮತ್ತೆ ಒದ್ದೆ; ಹೊರಡಲಿಲ್ಲ. ಸ್ಪ್ಯಾನರ್ ಕೈಗೆತ್ತಿಕೊಂಡೆ. ಬಿಚ್ಚಲು ಯಾವುದೂ ಉಳಿದಿರಲಿಲ್ಲ.

ನಾನು ದೇವರನ್ನು ದಿನವೂ ನೆನೆಯುವವನು, ಆದರೆ ಗಾಡಿಯ ವಿಷಯದಲ್ಲಿ ಎಂದೂ ಕೇಳಿದವನಲ್ಲ. ಅದು ನನ್ನ ಕೆಲಸ ಎಂಬ ಹೆಮ್ಮೆ. ಅಂದು ರಸ್ತೆಯಂಚಿನ ಕಲ್ಲಿನ ಮೇಲೆ ಕೂತು, “ಮಾದಪ್ಪಾ, ನನ್ನ ಕೈಲಾದದ್ದು ಮುಗೀತು. ಇನ್ನು ನೀನು ನೋಡ್ಕೊ” ಎಂದೆ. ಕಣ್ಣಲ್ಲಿ ನೀರು ಬಂತು. ಅವಳಿಗೆ ಕಾಣದಿದ್ದದ್ದು ಒಳ್ಳೆಯದಾಯಿತು.

“ಏನ್ರೀ, ವಿಭೂತಿ ಸಂಚಿ ಕೊಡಿ. ಅಣೆಗೆ ಇಟ್ಕೊತೀನಿ.”

“ಮರ್ತು ಬಂದೆ ಕಣೆ.”

“ಎಲ್ಲಾ ಬರ್ಕೊಂಡು ಎತ್ತಿಡೋ ಮಿಲ್ಟ್ರಿಯೋರು ಅದೊಂದ್ನ ಮರ್ತ್ರಾ? ಓಗ್ಲಿ ಬಿಡಿ, ಗಾಡಿ ಮ್ಯಾಲೆ ಐತಲ್ಲ.”

ಹೇಳದೆ ಬಿಟ್ಟ ಮಾತೊಂದಿದೆ. ಆಯುಧಪೂಜೆಯಲ್ಲಿ ಪ್ರತಿವರ್ಷ ಅವಳು ಬೆಟ್ಟದ ವಿಭೂತಿಗೆ ಗಂಧ ಕಲಸಿ ಹೆಡ್‌ಲೈಟಿನ ಮೇಲೆ ಮೂರು ಪಟ್ಟೆ ಎಳೆಯುತ್ತಾಳೆ. ಆ ವರ್ಷ ಕಣ್ಣು ಕಾಣದೆ ಕೈಯಾಡಿಸಿ, ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ದಪ್ಪಗೆ ಮೆತ್ತಿದ್ದಳು. ಪೂಜೆಗೆ ಹಚ್ಚಿದ್ದನ್ನು ನಮ್ಮಲ್ಲಿ ಒರೆಸುವುದಿಲ್ಲ, ತಾನಾಗಿ ಉದುರಬೇಕು. ಐದು ವಾರ ಗಾಡಿಯೆಲ್ಲ ಒರೆಸಿದೆ, ಅದನ್ನು ಮಾತ್ರ ಮುಟ್ಟಲಿಲ್ಲ. ಪೆಟ್ರೋಲ್ ಹಾಕಿಸುವಾಗಲೂ ಮುಚ್ಚಳವನ್ನು ಅಂಚಿನಲ್ಲೇ ಹಿಡಿದು ತೆಗೆದೆ.

ಗೌರಮ್ಮ ತಡವುತ್ತ ಬಂದು, ಗಟ್ಟಿಯಾಗಿದ್ದ ಗಂಧವನ್ನು ಹೇರ್‌ಪಿನ್ನಿನಿಂದ ಕೆರೆದಳು. ಒಂದು ಹಕ್ಕಳೆ ಎದ್ದು ಬಂತು. ಟ್ಯಾಂಕಿನೊಳಗಿಂದ ಸುಂಯ್ ಎಂದು ಗಾಳಿ ಎಳೆದ ಸದ್ದು.

ಆ ಸದ್ದು ಕೇಳಿ ಎದ್ದು ನಿಂತೆ. ಪೆಟ್ರೋಲ್ ಇಳಿದಷ್ಟೂ ಗಾಳಿ ಒಳಗೆ ಹೋಗಲೆಂದು ಆ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ಅದು ಮುಚ್ಚಿದರೆ ಪೆಟ್ರೋಲ್ ಇಳಿಯುವುದಿಲ್ಲ; ಕಾಲು ಗಂಟೆ ಬಿಟ್ಟರೆ ಸಂದಿನಲ್ಲಿ ಗಾಳಿ ನುಸುಳಿ ಮತ್ತೆ ಇಳಿಯುತ್ತದೆ. ಮನೆಯಲ್ಲಿ ಸುಮ್ಮನೆ ಓಡುವಾಗ ಖರ್ಚಾಗುವ ಪೆಟ್ರೋಲ್ ಕಡಿಮೆ, ಹಾಗಾಗಿ ಗೊತ್ತಾಗುತ್ತಿರಲಿಲ್ಲ. ಸೇನೆಯಲ್ಲಿ ಮೊದಲ ತಿಂಗಳು ಕಲಿತ ಪಾಠ. ನನಗೆ ಹೊಳೆದಿರಲಿಲ್ಲ.

ಹಣೆಗೆ ವಿಭೂತಿ ಇಟ್ಟುಕೊಂಡು ಅವಳು ಹಿಂದೆ ಕೂತಳು. ಒಂದೇ ಒದೆತಕ್ಕೆ ಗಾಡಿ ಹೊರಟಿತು. ಸೇಲಂ ತನಕ ಒಮ್ಮೆಯೂ ನಿಲ್ಲಲಿಲ್ಲ. ಹತ್ತಕ್ಕೆ ಹತ್ತು ನಿಮಿಷ ಇರುವಾಗ ಆಸ್ಪತ್ರೆಯ ಮೆಟ್ಟಿಲು ಹತ್ತಿದೆವು. ಕಣ್ಣಿನ ಒತ್ತಡ ಇಳಿದಿತ್ತು. ಮಧ್ಯಾಹ್ನದೊಳಗೆ ಆಪರೇಷನ್ ಮುಗಿಯಿತು. ಮಾರನೆಯ ದಿನ ಕಟ್ಟು ಬಿಚ್ಚಿದಾಗ ಅವಳು ನನ್ನನ್ನು ನೋಡಿ ಆಡಿದ ಮೊದಲ ಮಾತು: “ಗಡ್ಡ ಕೆರ್ಕೊಂಡಿಲ್ವಾ? ಇದೇನು ಅವತಾರ!”

ಮುನಿಯಪ್ಪ ಎಲ್ಲ ಕೇಳಿ, “ಮಾವ, ತೂತು ಮುಚ್ಚಿದ್ದೂ ಮಾದಪ್ಪನ ಇಬೂತಿನೇ ಅಲ್ವಾ?” ಎಂದ. ಮೆತ್ತಿದ್ದು ನಮ್ಮ ಕೈ, ನಿಜ. ಆದರೆ ಸಂಚಿ ಮರೆಸಿ, ಕಾಣದವಳ ಬೆರಳನ್ನು ಆ ಜಾಗಕ್ಕೇ ತಂದವನು ಯಾರು? ನಾನು ಕೇಳಿದೆ, ಮಾದಪ್ಪ ತೋರಿಸಿದ. ನನಗೆ ಅಷ್ಟು ಸಾಕು.

ಈಗ ಫಸ್ಟ್ ಪೆರೇಡಿಗೆ ಮೊದಲು ಬೆಟ್ಟದ ದಿಕ್ಕಿಗೆ ಕೈಮುಗಿಯುತ್ತೇನೆ. ಆಯುಧಪೂಜೆಯಲ್ಲಿ ಗೌರಮ್ಮ ಹೆಡ್‌ಲೈಟಿಗೆ ಮೂರು ಪಟ್ಟೆ ನೇರವಾಗಿ ಎಳೆಯುತ್ತಾಳೆ. ಆಮೇಲೆ ಒಂದು ಸೂಜಿ ತಂದು, ಮುಚ್ಚಳದ ತೂತಿಗೆ ತಾನೇ ಚುಚ್ಚಿ ನೋಡುತ್ತಾಳೆ. ಗುರಿ ಒಮ್ಮೆಯೂ ತಪ್ಪುವುದಿಲ್ಲ.