ಭಾವನ ಕಾರಿಗೆ ಹಾಕಿಸಿದ ಗಾಳಿಚಕ್ರ

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಗಿ ಎರಡು ಮೂರು ವರ್ಷಗಳಾಗಿದ್ದಿರಬೇಕು. ಅನುಗೊಂಡನಹಳ್ಳಿಯಲ್ಲಿರುವ ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಟೊಮೆಟೊ ತೋಟವನ್ನು ತಮ್ಮನಿಗೆ ಒಪ್ಪಿಸಿ, ಹಳೆಯದೊಂದು ಡೀಸೆಲ್ ಕಾರು ಕೊಂಡು, ಏರ್‌ಪೋರ್ಟಿಗೆ ಬಾಡಿಗೆ ಓಡಿಸಲು ತೊಡಗಿದ್ದರು. ಮಾತಿಗೆ ತಪ್ಪದ, ಯಾರನ್ನೂ ಸುಮ್ಮನೆ ಅನುಮಾನಿಸದ ಮನುಷ್ಯ. ಎದುರಿಗಿದ್ದವನು ಧೈರ್ಯವಾಗಿ ಹೇಳಿದರೆ ಸಾಕು, ಅದು ನಿಜವೇ ಇರಬೇಕು ಎಂದುಕೊಳ್ಳುತ್ತಿದ್ದರು.

ನಾನು ಅವರಿಗೆ ತದ್ವಿರುದ್ಧ. ಸೋಂಪುರದ ಒಂದು ಕಾರ್ಖಾನೆಯಲ್ಲಿ ಲೋಹದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಪಕ್ಕಕ್ಕೆ ಹಾಕುವುದು ನನ್ನ ಕೆಲಸ. ಹಾಗಾಗಿ ಅಳೆಯದೆ ಯಾವುದನ್ನೂ ಒಪ್ಪದ ಕಾಯಿಲೆ ನನಗೆ ಅಂಟಿಕೊಂಡುಬಿಟ್ಟಿತ್ತು.

ಒಂದು ಭಾನುವಾರ ಅಕ್ಕನ ಮನೆಗೆ ಹೋದಾಗ ಭಾವ ಕಾಫಿಗೂ ಬಿಡದೆ ನನ್ನನ್ನು ಕಾರಿನ ಹತ್ತಿರ ಕರೆದುಕೊಂಡು ಹೋಗಿ ಬಾನೆಟ್ ಎತ್ತಿದರು. ಹೊಸಕೋಟೆಯ ಒಂದು ಅಂಗಡಿಯಲ್ಲಿ ಹೊಸ ಸಾಮಾನು ಹಾಕಿಸಿದ್ದಾರಂತೆ. ಇಂಜಿನ್ನಿಗೆ ಗಾಳಿ ಹೋಗುವ ಪೈಪಿನೊಳಗೆ ಕೂರಿಸುವ ತಗಡಿನ ಬಳೆ ಅದು. ಒಳಗೆ ಫ್ಯಾನಿನ ರೆಕ್ಕೆಯ ಹಾಗೆ ಬಾಗಿಸಿದ ಆರು ಎಸಳು. ಗಾಳಿ ಇದರ ಮೂಲಕ ಸುಳಿಯಾಗಿ ಸುತ್ತಿಕೊಂಡು ಒಳಗೆ ಹೋಗುತ್ತದೆ, ಆಗ ಡೀಸೆಲ್ ಒಂದು ಹನಿಯೂ ವ್ಯರ್ಥವಾಗದೆ ಉರಿಯುತ್ತದೆ ಎಂದು ಅಂಗಡಿಯವನು ವಿವರಿಸಿದ್ದನಂತೆ. ಲೀಟರಿಗೆ ಹದಿನಾಲ್ಕು ಕಿಲೋಮೀಟರ್ ಓಡುತ್ತಿದ್ದ ಕಾರು ಈಗ ಹದಿನೆಂಟು ಓಡುತ್ತಿದೆ ಎಂದು ಭಾವ ಹೇಳಿದಾಗ ನನಗೆ ತಡೆಯಲಾಗಲಿಲ್ಲ.

"ಭಾವ, ಮೂಗಿಗೆ ಕಡ್ಡಿ ಸಿಗಿಸ್ಕೊಂಡ್ರೆ ಉಸಿರು ಜಾಸ್ತಿ ಆಗುತ್ತಾ? ಗಾಳಿ ಹೋಗೋ ದಾರೀಲಿ ಅಡ್ಡ ಇಟ್ಟಿದ್ದೀರಲ್ಲ."

ಅವರು ನಕ್ಕರು. ಬೇಕಾದರೆ ನೀನೇ ಅಳೆದು ನೋಡು ಎಂದರು. ಬೇಡ ಎನ್ನುವ ಜಾಯಮಾನ ನನ್ನದಲ್ಲ. ಬಂಕಿನಲ್ಲಿ ಟ್ಯಾಂಕು ತುಂಬಿಸಿ, ಬೂದಿಗೆರೆ ಮೇಲೆ ಏರ್‌ಪೋರ್ಟಿಗೆ ಹೋಗಿ, ಅದೇ ದಾರಿಯಲ್ಲಿ ವಾಪಸು ಬಂದು, ಅದೇ ಬಂಕಿನಲ್ಲಿ ಮತ್ತೆ ತುಂಬಿಸಿದೆವು. ಹದಿನೆಂಟೇ ಬಂತು. ಆದರೆ ನಾನು ಪಕ್ಕದಲ್ಲೇ ಕೂತಿದ್ದೆನಲ್ಲ, ನೋಡುತ್ತಿದ್ದೆ. ಲಾರಿಗಳ ಸಂದಿಯಲ್ಲಿ ನುಗ್ಗಿ ಹೋಗುತ್ತಿದ್ದ ಭಾವ ಅವತ್ತು ತೊಡೆಯ ಮೇಲೆ ಕೂಸು ಮಲಗಿಸಿಕೊಂಡವರ ಹಾಗೆ ಓಡಿಸಿದರು. ಎಸಿ ಹಾಕಲಿಲ್ಲ. ಹಂಪು ಕಾಣುವ ಮೊದಲೇ ಕಾಲು ತೆಗೆಯುತ್ತಿದ್ದರು. ವಿಚಾರಿಸಿದರೆ, ಆ ಸಾಮಾನು ಹಾಕಿದ ದಿನವೇ ಅಂಗಡಿಯವನು ಏರ್ ಫಿಲ್ಟರ್ ಬದಲಾಯಿಸಿ, ನಾಲ್ಕೂ ಟೈರಿಗೆ ಸರಿಯಾಗಿ ಗಾಳಿ ತುಂಬಿಸಿ, ಮೈಲೇಜ್ ಬರಬೇಕಾದರೆ ನಿಧಾನವಾಗಿ ಓಡಿಸಬೇಕು ಎಂದು ಹೇಳಿ ಕಳಿಸಿದ್ದನಂತೆ.

ಹಾಗಾದರೆ ಅದನ್ನು ಬಿಚ್ಚಿಟ್ಟು ಹೀಗೆಯೇ ನಿಧಾನವಾಗಿ ಇನ್ನೊಮ್ಮೆ ಓಡಿಸಿ ನೋಡೋಣ ಎಂದೆ. ಅದೊಂದೇ ಸರಿಯಾದ ಪರೀಕ್ಷೆ. ಭಾವ ಒಪ್ಪಲಿಲ್ಲ. ಚೆನ್ನಾಗಿ ಓಡುತ್ತಿರುವುದನ್ನು ಯಾಕೆ ಬಿಚ್ಚಬೇಕು ಎಂಬುದು ಅವರ ಪ್ರಶ್ನೆ. ಬಿಚ್ಚದೆ ಗೊತ್ತಾಗುವುದು ಹೇಗೆ ಎಂಬುದು ನನ್ನದು. ಊಟ ಮುಗಿಯುವವರೆಗೂ ಇದನ್ನೇ ತಿರುಗಿಸಿ ಮುರುಗಿಸಿ ಆಡಿದೆವು. ನನಗೆ ತಲೆ ಚಿಟ್ಟು ಹಿಡಿಯಿತು.

ಎರಡು ತಿಂಗಳ ಮೇಲೆ ಅಕ್ಕ ಫೋನ್ ಮಾಡಿದಳು. ಕಾರಿನಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತಿದೆ, ಅವರು ಏನೂ ಇಲ್ಲ ಅನ್ನುತ್ತಾರೆ, ನನಗೆ ಭಯವಾಗುತ್ತದೆ, ಬಂದು ನೋಡು ಎಂದಳು. ನಾನು ಹೋದ ದಿನ ಭಾವ ಯಾವುದೋ ಮದುವೆಗೆಂದು ಮಾಲೂರಿನ ಬಸ್ಸು ಹತ್ತಿದ್ದರು. ಪೈಪಿನ ಕ್ಲಿಪ್ಪು ಸಡಿಲಿಸಿ ಬಳೆಯನ್ನು ಹೊರಗೆ ತೆಗೆದೆ. ಆರರಲ್ಲಿ ಒಂದು ಎಸಳಿನ ಬೆಸುಗೆ ಬಿಟ್ಟು, ಬೀಳುವ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಅದು ಕಳಚಿ ಇಂಜಿನ್ನಿನೊಳಗೆ ಹೋಗಿದ್ದರೆ ಮುಗಿದೇಹೋಗುತ್ತಿತ್ತು. ಅದಿಲ್ಲದೆ ಪೈಪನ್ನು ಮೊದಲಿನ ಹಾಗೆ ಕೂಡಿಸಿದೆ. ಭಾವನಿಗೆ ಫೋನ್ ಮಾಡಲು ಹೊರಟರೆ ಅಕ್ಕ ತಡೆದಳು.

"ಹೇಳ್ಬೇಡ ಕಣೋ. ಹೇಳಿದ್ರೆ ನಾಳೆನೇ ಇನ್ನೊಂದು ತಂದು ಹಾಕಿಸ್ತಾರೆ."

ನಾನೂ ಒಪ್ಪಿದೆ. ನಿಜ ಹೇಳಬೇಕೆಂದರೆ, ನನಗೆ ಬೇಕಾಗಿದ್ದ ಪರೀಕ್ಷೆ ತಾನಾಗಿ ಕೈಗೆ ಸಿಕ್ಕಿತ್ತು. ಬಳೆಯನ್ನು ಚೀಲಕ್ಕೆ ಹಾಕಿಕೊಂಡು ನೆಲಮಂಗಲದ ನಮ್ಮ ಮನೆಗೆ ಬಂದುಬಿಟ್ಟೆ.

ಅಲ್ಲಿಂದ ಮುಂದೆ ಭಾವ ಪ್ರತಿ ವಾರ ತಪ್ಪದೆ ವರದಿ ಒಪ್ಪಿಸತೊಡಗಿದರು. "ಈಗ ಹತ್ತೊಂಬತ್ತು ಬರ್ತಿದೆ ಕಣಪ್ಪಾ. ಆ ಟಿಕ್ ಟಿಕ್ ಸದ್ದೂ ತಾನಾಗೇ ನಿಂತೋಯ್ತು. ಈಗ ಸರಿಯಾಗಿ ಕೂತ್ಕೊಂಡಿದೆ ಅದು." ಕೇಳಿ ಕೇಳಿ, ಕಡಿದು ಕಡಿದು ನನ್ನ ಹಲ್ಲು ಸವೆದವು. ಆದರೂ ಬಾಯಿ ಬಿಗಿಹಿಡಿದಿದ್ದೆ.

ಬಿಗಿ ತಪ್ಪಿದ್ದು ರಾಜಘಟ್ಟದ ನೆಂಟರ ಮನೆಯ ನಾಮಕರಣದಲ್ಲಿ. ಮಧ್ಯಾಹ್ನದ ಊಟವಾಗಿ ಗಂಡಸರೆಲ್ಲ ಶಾಮಿಯಾನದ ಕೆಳಗೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದೆವು. ಭಾವ ತಮ್ಮ ಕಾರಿನ ಮೈಲೇಜಿನ ಮಹಿಮೆ ಶುರುಮಾಡಿದರು. ಮೂರು ಜನ ಟ್ಯಾಕ್ಸಿ ಓಡಿಸುವವರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಅಂಗಡಿ ಎಲ್ಲಿದೆ ಎಂದು ಕೇಳಿದರು. ನಾಳೆ ನಾನೇ ಬಂದು ಕೊಡಿಸುತ್ತೇನೆ ಎಂದು ಭಾವ ಮಾತು ಕೊಟ್ಟರು. ಬೆಸುಗೆ ಬಿಟ್ಟ ಆ ಎಸಳು ನನ್ನ ಕಣ್ಣ ಮುಂದೆ ಬಂತು. ಜೊತೆಗೆ ಆರು ವಾರಗಳ ಸಿಟ್ಟೂ ಬಂತು.

"ಭಾವ, ಅದು ನಿಮ್ಮ ಕಾರಲ್ಲಿಲ್ಲ. ಬಿಚ್ಚಿ ಒಂದೂವರೆ ತಿಂಗಳಾಯ್ತು. ನಮ್ಮನೇಲಿದೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಭಾವ ಎದ್ದು ಕಾರಿನ ಹತ್ತಿರ ಹೋದರು. ಬಾನೆಟ್ ಎತ್ತಿ, ಪೈಪಿನ ಉದ್ದಕ್ಕೂ ಕೈಯಾಡಿಸಿ, ಆ ಜಾಗವನ್ನು ಎರಡು ಸಲ ಒತ್ತಿ ನೋಡಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಬಾನೆಟ್ ಮುಚ್ಚಿ, ಅಕ್ಕನನ್ನು ಕರೆದು, ತಾಂಬೂಲವನ್ನೂ ತೆಗೆದುಕೊಳ್ಳದೆ ಹೊರಟುಹೋದರು.

ದಾರಿಯಲ್ಲಿ ಅವರು ಅಕ್ಕನನ್ನು ಕೇಳಿದ್ದು ಒಂದೇ ಮಾತಂತೆ, ನಿನಗೂ ಗೊತ್ತಿತ್ತಾ ಎಂದು. ಅವಳು ಹೂಂ ಎಂದಳಂತೆ. ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ. ನನ್ನ ಜೊತೆ ನಾಲ್ಕು ತಿಂಗಳು ಮಾತು ನಿಂತಿತು. ಇಷ್ಟೆಲ್ಲ ಮಾಡಿ ನಾನು ಸಾಧಿಸಿದ್ದೇನು? ಆ ಮೂವರಲ್ಲಿ ಇಬ್ಬರು ಮರುವಾರವೇ ಹೋಗಿ ಆ ಬಳೆಯನ್ನು ಹಾಕಿಸಿಕೊಂಡರು. ಅದು ಎರಡು ತಿಂಗಳು ಒಳಗಿತ್ತಲ್ಲ, ಅಷ್ಟರಲ್ಲಿ ಇಂಜಿನ್ ಅಭ್ಯಾಸ ಮಾಡಿಕೊಂಡಿದೆ, ಅದಕ್ಕೇ ತೆಗೆದ ಮೇಲೂ ಮೈಲೇಜ್ ಬರುತ್ತಿದೆ ಎಂದು ಒಬ್ಬ ನನಗೇ ತಿಳಿಹೇಳಿದ.

ಐದನೆಯ ತಿಂಗಳು ಒಂದು ಬೆಳಿಗ್ಗೆ ಭಾವ ನಮ್ಮ ಮನೆಯ ಮುಂದೆ ಕಾರು ನಿಲ್ಲಿಸಿದರು. ದಾಬಸ್‌ಪೇಟೆಗೆ ಯಾರನ್ನೋ ಬಿಟ್ಟು ವಾಪಸು ಹೋಗುತ್ತಿದ್ದರಂತೆ. ಒಳಗೆ ಬಂದು ಕೂತರು, ಕಾಫಿ ಕುಡಿದರು, ಮಳೆ ಬೆಳೆ ವಿಚಾರಿಸಿದರು. ಆಮೇಲೆ ಅದನ್ನು ತೋರಿಸು ಎಂದರು. ಬೀರುವಿನ ತಳದಿಂದ ತಂದುಕೊಟ್ಟೆ. ಆ ಎಸಳನ್ನು ಎರಡು ಬೆರಳಿನಿಂದ ಹಿಡಿದು ಅಲ್ಲಾಡಿಸಿದರು. ಅದು ಕಿತ್ತು ಅವರ ಕೈಗೇ ಬಂತು.

"ಇದು ಹಿಂಗಾಗಿದೆ ಅಂತ ಅವತ್ತೇ ಹೇಳಿದ್ರೆ ನಾನು ತೆಗಿಯೋದು ಬೇಡ ಅಂತಿದ್ನಾ?"

ಅಂತಿರಲಿಲ್ಲವೇನೋ. ಇನ್ನೊಂದು ತರುತ್ತಿದ್ದರೋ ಏನೋ. ಹೇಳಿ ನೋಡಿದ್ದರೆ ತಾನೇ ಗೊತ್ತಾಗುತ್ತಿದ್ದುದು. ಎಲ್ಲವನ್ನೂ ಪರೀಕ್ಷಿಸುವ ನಾನು ಅದೊಂದನ್ನು ಮಾತ್ರ ಪರೀಕ್ಷಿಸದೆ ಬಿಟ್ಟಿದ್ದೆ. ತಪ್ಪಾಯಿತು ಭಾವ ಎಂದೆ. ಹೋಗಲಿ ಬಿಡು ಎಂದರು. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಆದರೆ ಟೈರಿನ ಗಾಳಿ ಮತ್ತು ನಿಧಾನದ ಓಟದಿಂದಲೇ ಮೈಲೇಜ್ ಬಂದದ್ದು ಎಂದು ಮತ್ತೆ ಶುರುಮಾಡಿದೆ. ಅವರು ಕೈ ಎತ್ತಿ ತಡೆದರು.

ಅವರು ಇವತ್ತಿಗೂ ನಿಧಾನವಾಗಿಯೇ ಓಡಿಸುತ್ತಾರೆ. ಕಾರು ಇವತ್ತಿಗೂ ಹದಿನೆಂಟಕ್ಕೆ ಕಡಿಮೆ ಕೊಡುವುದಿಲ್ಲ. ಯಾಕಿಷ್ಟು ನಿಧಾನ ಎಂದು ಯಾರಾದರೂ ಕೇಳಿದರೆ, ಮಂಡಿ ನೋವು, ಜೋರಾಗಿ ಒತ್ತಲು ಆಗುವುದಿಲ್ಲ ಅನ್ನುತ್ತಾರೆ. ಮೈಲೇಜಿಗಾಗಿ ಎಂದು ಒಂದು ದಿನವೂ ಒಪ್ಪಿಕೊಂಡವರಲ್ಲ. ಪಕ್ಕದ ಸೀಟಿನಲ್ಲಿ ಕೂತು ಅದನ್ನು ಕೇಳಿಸಿಕೊಳ್ಳುವಾಗ ನಾನು ಕಿಟಕಿಯ ಕಡೆ ಮುಖ ತಿರುಗಿಸುತ್ತೇನೆ.